ಶಿಲುಬೆಯ ಮೇಲೆ ಸಂದಾಯವಾದದ್ದು ಯಾರಿಗೆ?

1098ನೇ ಇಸವಿಯಲ್ಲಿ ದಕ್ಷಿಣ ಇಟಲಿಯ ಕಾಪುವಾ ನಗರಕ್ಕೆ ಸಮೀಪದ ಲಿಬೆರಿ ಎಂಬ ಬೆಟ್ಟದೂರಿನಲ್ಲಿ, ನಾಡು ತೊರೆದು ಬಂದಿದ್ದ ಅರವತ್ತೈದರ ವೃದ್ಧ ಸನ್ಯಾಸಿಯೊಬ್ಬರು ಒಂದು ಗ್ರಂಥವನ್ನು ಬರೆದು ಮುಗಿಸಿದರು. ಅವರು ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರಾದ ಸಂತ ಆನ್ಸೆಲ್ಮರು. ಧರ್ಮಸಭೆಯ ಹಕ್ಕುಗಳ ವಿಷಯದಲ್ಲಿ ಇಂಗ್ಲೆಂಡಿನ ದೊರೆ ಎರಡನೇ ವಿಲಿಯಮನೊಡನೆ ವಿರಸವುಂಟಾಗಿ, 1097ರಲ್ಲಿಯೇ ಅವರು ಆ ದೇಶವನ್ನು ಬಿಟ್ಟಿದ್ದರು. ಗ್ರಂಥದ ಲತೀನ್ ಹೆಸರು ‘ಕೂರ್ ದೇಯುಸ್ ಹೋಮೋ’, ಅಂದರೆ ದೇವರು ಮಾನವನಾದುದು ಏಕೆ? ಬೋಸೋ ಎಂಬ ಶಿಷ್ಯನು ಪ್ರಶ್ನಿಸುತ್ತಾನೆ, ಗುರುಗಳು ಉತ್ತರಿಸುತ್ತಾರೆ. ಕ್ರಿಸ್ತನ ಮರಣವು ನಮ್ಮ ಪಾಪವನ್ನು ಪರಿಹರಿಸಿದ್ದು ಹೇಗೆ ಎಂಬ ಚರ್ಚೆಯಲ್ಲಿ ಪಾಶ್ಚಾತ್ಯ ಧರ್ಮಸಭೆಯು ಇಂದಿಗೂ ಈ ಸಣ್ಣ ಗ್ರಂಥವನ್ನು ಬದಿಗಿರಿಸಿ ಮಾತನಾಡಲಾರದು.

ಅದುವರೆಗೆ ಬಹುಮಟ್ಟಿಗೆ ಪ್ರಚಲಿತವಾಗಿದ್ದ ವಿವರಣೆ ಬೇರೆ ತೆರನಾದದ್ದು. ಮಾನವನು ಪಾಪಗೈದು ಸೈತಾನನ ಸೆರೆಗೆ ಸಿಕ್ಕಿದ. ಕ್ರಿಸ್ತನ ರಕ್ತವೇ ಆ ಸೆರೆಯಿಂದ ಬಿಡಿಸಿದ ಒತ್ತೆಹಣ. ನಾಲ್ಕನೆಯ ಶತಮಾನದ ನಿಸ್ಸಾದ ಸಂತ ಗ್ರೆಗೋರಿಯವರು, ಕ್ರಿಸ್ತನ ಮಾನವದೇಹವೆಂಬ ಎರೆಯ ಒಳಗೆ ಅಡಗಿದ್ದ ದೈವತ್ವದ ಗಾಳವನ್ನು ಸೈತಾನನು ನುಂಗಿಬಿಟ್ಟನೆಂದು ವರ್ಣಿಸಿದರು. ಸಂತ ಅಗಸ್ಟೀನರ ಪ್ರವಚನದಲ್ಲಿ ಶಿಲುಬೆಯು ಇಲಿಬೋನಾಗುತ್ತದೆ. ಜನಸಾಮಾನ್ಯರ ಮನಸ್ಸಿಗೆ ನಾಟುವ ಚಿತ್ರಗಳಿವು, ಸಂದೇಹವಿಲ್ಲ. ಆದರೆ ನಾಜಿಯಾಂಜಸ್‌ನ ಸಂತ ಗ್ರೆಗೋರಿಯವರು ಅದೇ ಶತಮಾನದಲ್ಲಿ ಒಂದು ಮುಳ್ಳಿನಂಥ ಪ್ರಶ್ನೆಯನ್ನು ಎತ್ತಿದ್ದರು: ಈ ಒತ್ತೆಹಣ ಸಂದಾಯವಾದದ್ದು ಯಾರಿಗೆ? ಕಳ್ಳನಾದ ಸೈತಾನನಿಗೆ ಎನ್ನುವುದು ನಾಚಿಕೆಗೇಡು. ಪಿತನಿಗೆ ಎನ್ನೋಣವೆಂದರೆ, ನಮ್ಮನ್ನು ಸೆರೆಯಲ್ಲಿಟ್ಟವನು ಆತನಲ್ಲವಲ್ಲ!

ಆನ್ಸೆಲ್ಮರು ಸೈತಾನನನ್ನು ಈ ವ್ಯವಹಾರದಿಂದಲೇ ಹೊರದೂಡಿದರು. ಒಡೆಯನಿಂದ ತಪ್ಪಿಸಿಕೊಂಡ ದಾಸನಿಗೆ ಹಕ್ಕೆಲ್ಲಿಯದು? ಪಾಪವೆಂದರೆ ದೇವರಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದು, ಆತನ ಗೌರವವನ್ನು ಅಪಹರಿಸುವುದು. ದೇವರಿಗೆ ಇದರಿಂದ ನಷ್ಟವೇನೂ ಇಲ್ಲವೆಂದು ಅವರೇ ಒಪ್ಪುತ್ತಾರೆ. ಕೆಡುವುದು ಸೃಷ್ಟಿಯ ಸುವ್ಯವಸ್ಥೆ ಮತ್ತು ಸೌಂದರ್ಯ. ಆದುದರಿಂದ ಊಳಿಗಮಾನ್ಯ ಕಾಲದ ಜಮೀನ್ದಾರನ ಹಮ್ಮನ್ನು ಆನ್ಸೆಲ್ಮರು ದೇವರಿಗೆ ಅಂಟಿಸಿದರೆಂಬ ಆರೋಪ ಅರ್ಧ ಸತ್ಯ ಮಾತ್ರ. ಕೆಟ್ಟುದನ್ನು ಸುಮ್ಮನೆ ಕ್ಷಮಿಸಿಬಿಟ್ಟರೆ ಒಳಿತಿಗೂ ಕೆಡುಕಿಗೂ ಅಂತರವೇ ಉಳಿಯದು. ಹಾಗಾಗಿ ಇರುವ ದಾರಿಗಳು ಎರಡೇ: ಒಂದೋ ಶಿಕ್ಷೆ, ಇಲ್ಲವೇ ಪರಿಹಾರ. ಪರಿಹಾರ ಸಲ್ಲಿಸಬೇಕಾದವನು ಮಾನವ, ಸಲ್ಲಿಸಬಲ್ಲವನು ದೇವರು. ಎರಡೂ ಆಗಿರುವ ಕ್ರಿಸ್ತನು, ಪಾಪರಹಿತನಾದ ಕಾರಣ ತಾನು ಸಲ್ಲಿಸಬೇಕಾಗಿಲ್ಲದಿದ್ದ ಮರಣವನ್ನು ಸ್ವಇಚ್ಛೆಯಿಂದ ಅರ್ಪಿಸಿದನು.

‘ಒಂದೋ ಶಿಕ್ಷೆ, ಇಲ್ಲವೇ ಪರಿಹಾರ’ ಎಂಬಲ್ಲಿ ಓದುಗರು ತುಸು ನಿಲ್ಲಬೇಕು. ಪಿತನು ನಮಗೆ ಕೊಡಬೇಕಾಗಿದ್ದ ಶಿಕ್ಷೆಯನ್ನು ಸುತನ ಮೇಲೆ ಹೊರಿಸಿದನೆಂದು ಆನ್ಸೆಲ್ಮರು ಕಲಿಸಿದರೆಂದು ಅನೇಕರು ತಿಳಿದಿದ್ದಾರೆ. ವೇದಿಕೆಯಿಂದ ಹೇಳುವುದೂ ಉಂಟು. ಅವರು ಹೇಳಿದ್ದು ಅದಕ್ಕೆ ವಿರುದ್ಧವಾದುದನ್ನು. ಪರಿಹಾರ ಸಂದಿದೆ, ಆದುದರಿಂದ ಶಿಕ್ಷೆ ಬೇಕಾಗಿಲ್ಲ. ನಮ್ಮ ಕನ್ನಡದ ‘ಪರಿಹಾರ’ ಎಂಬ ಪದ ಈ ಅರ್ಥಕ್ಕೆ ಬಹಳ ಸಮೀಪವಾಗಿದೆ. ಬೆಳೆ ನಾಶವಾದಾಗ ರೈತನ ಕೈಗೆ ಪರಿಹಾರ ನೀಡುವವನು ಶಿಕ್ಷೆ ಅನುಭವಿಸುತ್ತಿದ್ದಾನೆಂದು ಯಾರೂ ಭಾವಿಸುವುದಿಲ್ಲ. ಪಾಪನಿವೇದನೆಯ ಬಳಿಕ ಯಾಜಕರು ವಿಧಿಸುವ ಪ್ರಾಯಶ್ಚಿತ್ತದ ಪರಿಪಾಠವೂ ಬೆಕ್ ಮಠದ ಈ ಸನ್ಯಾಸಿಯ ಮನಸ್ಸಿನಲ್ಲಿದ್ದಿರಬೇಕು.

ಮುಂದಿನ ತಲೆಮಾರಿನ ಪೀಟರ್ ಅಬೆಲಾರ್ಡರಿಗೆ ಇಷ್ಟು ಸಾಲದಾಯಿತು. 1130ರ ದಶಕದಲ್ಲಿ ಸಂತ ಪೌಲರು ರೋಮನರಿಗೆ ಬರೆದ ಪತ್ರಕ್ಕೆ ಭಾಷ್ಯ ರಚಿಸುತ್ತ, ಮೂರನೆಯ ಅಧ್ಯಾಯಕ್ಕೆ ಬಂದಾಗ ಅವರು ಪ್ರಶ್ನೆಗಳ ಸುರಿಮಳೆಯನ್ನೇ ಸುರಿಸುತ್ತಾರೆ. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ? ಆದಾಮನ ಪಾಪಕ್ಕೇ ಇಷ್ಟು ದೊಡ್ಡ ಪರಿಹಾರ ಬೇಕಾದರೆ, ದೇವಪುತ್ರನನ್ನು ಕೊಂದ ಪಾಪಕ್ಕೆ ಇನ್ನೆಷ್ಟು ಬೇಕು? ಧರ್ಮೋಪದೇಶ ತರಗತಿಯಲ್ಲಿ ಚುರುಕಾದ ಮಗುವೊಂದು ಇಂದಿಗೂ ಕೇಳಬಹುದಾದ ಪ್ರಶ್ನೆಗಳಿವು. ಗದರಿಸಿ ಕೂರಿಸುವುದು ಉತ್ತರವಾಗದು. ಅಬೆಲಾರ್ಡರ ಉತ್ತರವಿಷ್ಟು: ಶಿಲುಬೆಯಲ್ಲಿ ಪ್ರಕಟವಾದ ಪ್ರೀತಿಯು ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸುತ್ತದೆ; ಭಯದಿಂದಲ್ಲ, ಪ್ರೀತಿಯಿಂದ ದೇವರಿಗೆ ವಿಧೇಯರಾಗುವ ಮಕ್ಕಳ ಸ್ವಾತಂತ್ರ್ಯವನ್ನು ನೀಡುತ್ತದೆ.

ಕ್ಲೆರ್ವೋ ಮಠದ ಸಂತ ಬೆರ್ನಾರ್ಡರು ಇದನ್ನು ಸಹಿಸಲಿಲ್ಲ. ಜಗದ್ಗುರು ಎರಡನೇ ಇನ್ನೊಸೆಂಟರಿಗೆ ಅವರು ಬರೆದ ದೀರ್ಘ ಪತ್ರದ ಧ್ವನಿ ಕಟುವಾದುದು. ಆದರೆ ಅದರೊಳಗಿನ ಒಂದು ವಾದವನ್ನು ತಳ್ಳಿಹಾಕಲಾಗದು. ಕ್ರಿಸ್ತನು ಬರೀ ಆದರ್ಶ ತೋರಿಸಿದನೆಂದರೆ, ಆದಾಮನೂ ಬರೀ ಕೆಟ್ಟ ಮೇಲ್ಪಂಕ್ತಿ ಹಾಕಿದನೆಂದೇ ಹೇಳಬೇಕಾಗುತ್ತದೆ. ಆದರ್ಶವನ್ನು ಅರಿಯುವ ಶಕ್ತಿಯಿಲ್ಲದ ಹಸುಗೂಸಿಗೆ ಅದರಿಂದ ಏನು ಪ್ರಯೋಜನ? ನಮ್ಮ ಸ್ಪಂದನೆಗಿಂತ ಮೊದಲೇ ನಮಗಾಗಿ ಏನೋ ನಡೆದಿದೆ ಎಂಬುದನ್ನು ಬೆರ್ನಾರ್ಡರು ಕಾಪಾಡಿದರು. ಸಾನ್ಸ್ ನಗರದ ಸಭೆಯಲ್ಲಿ ಅಬೆಲಾರ್ಡರು ವಾದಿಸಲು ನಿರಾಕರಿಸಿ ರೋಮಿಗೆ ಮೇಲ್ಮನವಿ ಮಾಡಿಕೊಂಡರು. ಈ ಸಭೆ ನಡೆದದ್ದು 1140ರಲ್ಲಿ ಎಂಬುದು ಹಳೆಯ ಎಣಿಕೆ, 1141 ಎಂಬುದು ಈಚಿನ ವಿದ್ವಾಂಸರು ಹಲವರ ಅಭಿಪ್ರಾಯ. ರೋಮಿನಿಂದ ಬಂದದ್ದು ಖಂಡನೆಯೇ. ಪ್ರಯಾಣದ ನಡುವೆ ಕ್ಲೂನಿ ಮಠದ ಅಧಿಪತಿ ಪೂಜ್ಯ ಪೀಟರರು ಅವರಿಗೆ ಆಶ್ರಯವಿತ್ತರು, ಬೆರ್ನಾರ್ಡರೊಡನೆ ಸಂಧಾನವನ್ನೂ ಮಾಡಿಸಿದರು. ಅಬೆಲಾರ್ಡರು ತೀರಿಕೊಂಡದ್ದು 1142ರ ಏಪ್ರಿಲ್ 21ರಂದು. ಆನ್ಸೆಲ್ಮರು 1109ರಲ್ಲಿ ತೀರಿಕೊಂಡದ್ದೂ ಏಪ್ರಿಲ್ 21ರಂದೇ. ಧರ್ಮಸಭೆಯ ಪಂಚಾಂಗದಲ್ಲಿ ಅದು ಆನ್ಸೆಲ್ಮರ ಸ್ಮರಣೆಯ ದಿನ. ಅಬೆಲಾರ್ಡರ ನೆನಪನ್ನು ಅಲ್ಲಿ ಯಾರೂ ಮಾಡಿಕೊಳ್ಳುವುದಿಲ್ಲ.

ಸಂತ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಇಬ್ಬರನ್ನೂ ಬಿಡದೆ ಇರಿಸಿಕೊಂಡರು. ದೇವರು ಬೇರೆ ಬಗೆಯಲ್ಲಿಯೂ ನಮ್ಮನ್ನು ಉದ್ಧರಿಸಬಹುದಾಗಿತ್ತು. ಶಿಲುಬೆ ಅನಿವಾರ್ಯವಲ್ಲ, ಅತ್ಯಂತ ಉಚಿತವಾದುದು. ಯಾತನೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದನ್ನು ಅನುಭವಿಸಿದವನ ಪ್ರೀತಿಯೇ ಪರಿಹಾರಕ್ಕೆ ತೂಕ ಕೊಟ್ಟಿತು. ಒಬ್ಬನು ಸಲ್ಲಿಸಿದ್ದು ಇನ್ನೊಬ್ಬನದಾಗುವುದು ಹೇಗೆಂಬ ತೊಡಕಿಗೂ ಅವರಲ್ಲಿ ಉತ್ತರವಿದೆ: ಶಿರಸ್ಸು ಮತ್ತು ಅವಯವಗಳು ಸೇರಿ ಒಂದೇ ವ್ಯಕ್ತಿ ಇದ್ದಂತೆ.

ಹದಿನಾರನೆಯ ಶತಮಾನದಲ್ಲಿ ಚಿತ್ರ ಬದಲಾಯಿತು. ಕಾನೂನು ಓದಿದ್ದ ಜಾನ್ ಕಾಲ್ವಿನರ ಬರಹದಲ್ಲಿ ಶಿಲುಬೆಯು ನ್ಯಾಯಸ್ಥಾನದ ಭಾಷೆಯನ್ನಾಡುತ್ತದೆ. ನಮಗೆ ಸಲ್ಲಬೇಕಾಗಿದ್ದ ದಂಡನೆಯನ್ನೇ ಕ್ರಿಸ್ತನು ನಮ್ಮ ಸ್ಥಾನದಲ್ಲಿ ನಿಂತು ಅನುಭವಿಸಿದನು. ಇದಕ್ಕೆ ಇಟಲಿಯ ಫೌಸ್ತೋ ಸೊಜ್ಜೀನಿ 1594ರಲ್ಲಿ ಮುದ್ರಿತವಾದ ಗ್ರಂಥದಲ್ಲಿ ಎದುರುತ್ತರ ಕೊಟ್ಟನು. ಸಾಲವನ್ನು ಒಬ್ಬನ ಪರವಾಗಿ ಮತ್ತೊಬ್ಬನು ತೀರಿಸಬಹುದು, ಶಿಕ್ಷೆಯನ್ನು ಹಾಗೆ ವರ್ಗಾಯಿಸಲಾಗದು. ಸಾಲ ಪೂರ್ತಿ ಸಂದಾಯವಾಗಿದ್ದರೆ ಅದನ್ನು ಕ್ಷಮೆ ಎನ್ನುವುದೆಂತು? ಸೊಜ್ಜೀನಿ ಕ್ರಿಸ್ತನ ದೈವತ್ವವನ್ನೇ ಒಪ್ಪದವನು. ಆದರೂ ಈ ಪ್ರಶ್ನೆ ಅವನ ಪಾಷಂಡದೊಡನೆ ಸಾಯಲಿಲ್ಲ. ಟ್ರೆಂಟ್ ಮಹಾಸಭೆಯು 1547ರಲ್ಲಿ, ಕ್ರಿಸ್ತನು ನಮಗಾಗಿ ಪಿತನಿಗೆ ಪರಿಹಾರ ಸಲ್ಲಿಸಿದನೆಂದು ಹೇಳಿ ಅಷ್ಟಕ್ಕೇ ನಿಲ್ಲಿಸಿತ್ತು. ಆ ಮಿತವಾಕ್ಯವನ್ನು ನಮ್ಮ ಬೋಧಕರು ಪಾಲಿಸಲಿಲ್ಲವೆನ್ನಬೇಕು. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬೋಸ್ಸುಯೇ ಅಂಥವರು ಶುಭ ಶುಕ್ರವಾರದ ಪ್ರವಚನಗಳಲ್ಲಿ ಮಗನ ಮೇಲೆ ಎರಗುವ ಪಿತನ ಕೋಪವನ್ನು ಬಣ್ಣಿಸಿದರು. ಆ ಚಿತ್ರ ಪ್ರೊಟೆಸ್ಟೆಂಟರದು ಮಾತ್ರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅದರ ಹಾನಿ ಕಡಿಮೆಯದಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಅಂಥ ಪಿತನನ್ನು ಯಾವ ಯಾಜಕನು ಸಾಂತ್ವನವಾಗಿ ಸಾರಬಲ್ಲ?

ಈಚಿನ ಧರ್ಮಸಭೆ ಎಚ್ಚರದಿಂದ ಮಾತನಾಡಿದೆ. ಬಲಿಗಾಗಿ ಹಾತೊರೆಯುವ ದೇವರ ಕಲ್ಪನೆಯನ್ನು 1968ರಲ್ಲಿಯೇ ಜೋಸೆಫ್ ರಾಟ್ಸಿಂಗರ್ ತಮ್ಮ ‘ಕ್ರೈಸ್ತಧರ್ಮ ಪ್ರವೇಶ’ ಗ್ರಂಥದಲ್ಲಿ ತಿರಸ್ಕರಿಸಿದ್ದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ‘ಬದಲಿ’ ಎಂಬ ಮಾತನ್ನು ಕೈಬಿಡುವುದಿಲ್ಲ; ಆದರೆ ಅಲ್ಲಿ ನಮ್ಮ ಅವಿಧೇಯತೆಯ ಸ್ಥಾನಕ್ಕೆ ಬರುವುದು ಯೇಸುವಿನ ವಿಧೇಯತೆ. ಯೇಸು ಪಿತನಿಂದ ತಿರಸ್ಕೃತನಾದನೆಂಬುದನ್ನು ಅದು ಸ್ಪಷ್ಟವಾಗಿ ಅಲ್ಲಗಳೆಯುತ್ತದೆ.

ಆದರೂ ಶುಭ ಶುಕ್ರವಾರದ ಮೊದಲ ವಾಚನವಾಗಿ ನಾವು ಓದುವುದು ಪ್ರವಾದಿ ಯೆಶಾಯನ 53ನೇ ಅಧ್ಯಾಯದ ಭಾಗವನ್ನೇ. ಅಲ್ಲಿನ ಹತ್ತನೆಯ ವಚನದ ಹೀಬ್ರೂ ಮೂಲದ ಪ್ರಕಾರ, ತನ್ನ ದಾಸನು ಜಜ್ಜಲ್ಪಡುವುದು ಪ್ರಭುವಿನ ಚಿತ್ತ. ಕ್ರಿಸ್ತಪೂರ್ವದಲ್ಲಿ ಯೆಹೂದ್ಯರೇ ಮಾಡಿದ ಗ್ರೀಕ್ ಅನುವಾದ ‘ಸೆಪ್ತುವಜಿಂತ’ದಲ್ಲಾದರೋ ಪ್ರಭುವು ಬಯಸುವುದು ದಾಸನನ್ನು ಗಾಯದಿಂದ ಶುದ್ಧಗೊಳಿಸಲು. ಆದಿ ಕ್ರೈಸ್ತರಲ್ಲಿ ಹೆಚ್ಚಿನವರು ಓದಿದ್ದು ಗ್ರೀಕನ್ನು; ನಮ್ಮ ವಾಚನಗ್ರಂಥಗಳು ಅನುಸರಿಸುವುದು ಹೀಬ್ರೂವನ್ನು.