ಅನುದಾನದ ಜೊತೆಗೆ ಬಂದ ಷರತ್ತು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಪ್ಪು, ಹಿಸ್ಪಾನಿಕ್ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳನ್ನು ವಿಜ್ಞಾನ, ಎಂಜಿನಿಯರಿಂಗ್ ಓದಿಗೆ ಕರೆತರಲು ಸರ್ಕಾರ ಕೊಡುತ್ತ ಬಂದ ಅನುದಾನದ ಕತೆಯನ್ನು 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದಿಂದ ಶುರುಮಾಡುವುದು ರೂಢಿ. ಅದನ್ನು 1890ರಿಂದ ಓದಬೇಕು ಎನ್ನುವುದು ನನ್ನ ವಾದ. ಆ ವರ್ಷ ಅಮೆರಿಕದ ಕಾಂಗ್ರೆಸ್ಸು ಎರಡನೆಯ ಮೊರಿಲ್ ಕಾಯ್ದೆಯನ್ನು ತಂದಿತು. ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗೆ ಕೇಂದ್ರದ ಹಣ ಬೇಕಾದರೆ ರಾಜ್ಯಗಳು ಪ್ರವೇಶ ಕೊಡುವಾಗ ಬಣ್ಣ ನೋಡಬಾರದು. ನೋಡುವುದೇ ಆದರೆ ಕಪ್ಪು ವಿದ್ಯಾರ್ಥಿಗಳಿಗೆ ಬೇರೆ ಕಾಲೇಜು ಗೊತ್ತುಮಾಡಿ, ಹಣವನ್ನು ನ್ಯಾಯವಾಗಿ ಹಂಚಬೇಕು. ದಕ್ಷಿಣದ ರಾಜ್ಯಗಳು ಎರಡನೆಯ ದಾರಿಯನ್ನೇ ಹಿಡಿದವು. ಬೇರೆ ಕಾಲೇಜುಗಳೇನೋ ಬಂದವು, ನ್ಯಾಯವಾದ ಹಂಚಿಕೆ ಬರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಮತ್ತು ಕೃಷಿ ಸಚಿವರಿಬ್ಬರೂ ಸೇರಿ 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದರು. ಹಿಂದಿನ ಮೂರು ದಶಕಗಳ ಬಾಬ್ತಿನಲ್ಲೇ ಈ ಕಾಲೇಜುಗಳಿಗೆ ಸಲ್ಲಬೇಕಾಗಿದ್ದ 1,200 ಕೋಟಿ ಡಾಲರಿಗೂ ಹೆಚ್ಚು ಹಣ ಸಂದಿಲ್ಲ ಎಂಬುದು ಅವರು ಕೊಟ್ಟ ಲೆಕ್ಕ. ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯ ಒಂದರ ಬಾಕಿಯೇ 210 ಕೋಟಿ ಡಾಲರ್. ಅದಕ್ಕೂ ಹಿಂದಿನ ನೂರು ವರ್ಷ ಆ ಲೆಕ್ಕಕ್ಕೆ ಸೇರಿಯೇ ಇಲ್ಲ.

ವಿದ್ಯಾರ್ಥಿವೇತನಕ್ಕೂ ಇಂಥದೇ ಒಂದು ಪೂರ್ವಚರಿತ್ರೆ ಇದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣದ ಹಾಗೂ ಗಡಿಭಾಗದ ಹಲವು ರಾಜ್ಯಗಳು ಕಪ್ಪು ವಿದ್ಯಾರ್ಥಿಗಳಿಗೆ ಬೇರೆ ರಾಜ್ಯದಲ್ಲಿ ಓದಲು ಶುಲ್ಕ ಕೊಡುತ್ತಿದ್ದವು, ತಮ್ಮ ವಿಶ್ವವಿದ್ಯಾಲಯದ ಬಾಗಿಲು ತೆರೆಯಬೇಕಾಗಿ ಬಾರದಿರಲಿ ಎಂದು. ಮಿಸ್ಸೌರಿಯಲ್ಲಿ ಕಾನೂನು ಓದಲು ಅರ್ಜಿ ಹಾಕಿದ ಲಾಯ್ಡ್ ಗೇನ್ಸ್‌ಗೆ ಸಿಕ್ಕ ಉತ್ತರವೂ ಅದೇ: ಪಕ್ಕದ ರಾಜ್ಯಕ್ಕೆ ಹೋಗು, ಖರ್ಚು ನಮ್ಮದು. ರಾಜ್ಯ ಈ ರೀತಿ ಜಾರಿಕೊಳ್ಳುವಂತಿಲ್ಲ ಎಂದು 1938ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪಿನ ಬೆನ್ನಿಗೇ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ತನ್ನ ಸ್ನಾತಕೋತ್ತರ ತರಗತಿಗಳಿಗೆ ಮೂವರು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅವರಲ್ಲಿ ಒಬ್ಬಾಕೆ, ಮುಂದೆ ನಾಸಾದಲ್ಲಿ ಬಾಹ್ಯಾಕಾಶ ಯಾನಗಳ ಪಥ ಲೆಕ್ಕಹಾಕಿದ ಕ್ಯಾಥರೀನ್ ಜಾನ್ಸನ್. ಹಣ ಕೊಟ್ಟು ದೂರವಿಡುವ ಪದ್ಧತಿ ಅಲ್ಲಿ ಇನ್ನೂ ಒಂದಷ್ಟು ವರ್ಷ ನಡೆದಿದ್ದರೆ ಆಕೆಗೆ ತನ್ನದೇ ರಾಜ್ಯದಲ್ಲಿ ಆ ತರಗತಿಯ ಹೊಸ್ತಿಲು ಕಾಣುತ್ತಿರಲಿಲ್ಲ. ಹಾಗೆಂದು ಪದವಿಯೊಂದೇ ಸಾಕಾಗುತ್ತಿತ್ತು ಎಂದೂ ಅಲ್ಲ. 1876ರಲ್ಲಿ ಯೇಲ್‌ನಿಂದ ಭೌತಶಾಸ್ತ್ರದ ಪಿಎಚ್‌ಡಿ ಪಡೆದ ಎಡ್ವರ್ಡ್ ಬೌಶೆಯನ್ನು ಒಂದು ವಿಶ್ವವಿದ್ಯಾಲಯವೂ ಕೆಲಸಕ್ಕೆ ಕರೆಯಲಿಲ್ಲ. ಫಿಲಡೆಲ್ಫಿಯಾದ ಕಪ್ಪು ಮಕ್ಕಳ ಶಾಲೆಯೊಂದರಲ್ಲಿ ಪಾಠ ಮಾಡುತ್ತ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದರು.

ಆದ್ದರಿಂದ ಎಷ್ಟು ಹಣ ಬಂತು ಎಂಬ ಪ್ರಶ್ನೆಗಿಂತ, ಅದು ಯಾರ ಕೈಗೆ ಬಂತು, ಪಡೆದವರು ಏನನ್ನು ಬದಲಿಸಿಕೊಳ್ಳಬೇಕಾಯಿತು ಎಂಬ ಪ್ರಶ್ನೆ ದೊಡ್ಡದು. 1950ರಲ್ಲಿ ಹುಟ್ಟಿದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಈ ಪ್ರಶ್ನೆಗೆ ಬಹಳ ಕಾಲ ಉತ್ತರ ಕೊಡಲಿಲ್ಲ. ಸಂಶೋಧನೆ ಮತ್ತು ವಿಜ್ಞಾನ ಶಿಕ್ಷಣ ಕೆಲವೇ ಕಡೆ ಅತಿಯಾಗಿ ಕ್ರೋಡೀಕರಣವಾಗಬಾರದು ಎಂದು ಅದರ ಸ್ಥಾಪನಾ ಕಾಯ್ದೆಯಲ್ಲೇ ಬರೆದಿದೆ. ಆದರೆ ಪರಿಣತರು ಅರ್ಜಿಗಳನ್ನು ತೂಗಿ ಹಣ ಹಂಚುವ ಕ್ರಮದಲ್ಲಿ, ಈಗಾಗಲೇ ಪ್ರಯೋಗಾಲಯ, ಹೆಸರು, ಕೈತುಂಬ ಸಂಶೋಧನಾ ವಿದ್ಯಾರ್ಥಿಗಳು ಇದ್ದ ಕಡೆಗೇ ಹಣ ಹರಿಯಿತು. ಆರು ದಶಕ ಅರ್ಹತೆಯನ್ನೇ ಕೇಳುತ್ತ ಬಂದ ಮೇಲೂ ಈ ವಾಲಿಕೆ ಕರಗಲಿಲ್ಲ. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಎನ್‌ಐಎಚ್‌ನ ಅರ್ಜಿಗಳನ್ನು ಪರಿಶೀಲಿಸಿ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಓದು, ತರಬೇತಿ, ಪ್ರಕಟಣೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ವಿಜ್ಞಾನಿಗಳಿಗೆ ಅನುದಾನ ಸಿಗುವ ಸಾಧ್ಯತೆ ಬಿಳಿಯರಿಗಿಂತ ಶೇಕಡಾ 10 ಅಂಶಗಳಷ್ಟು ಕಡಿಮೆ ಎಂದು ತೋರಿಸಿತು.

ಕರ್ನಾಟಕದ ಓದುಗರಿಗೆ ಇಲ್ಲಿ ಸಹಜವಾಗಿ ಏಳುವ ಪ್ರಶ್ನೆ: ಸೀಟುಗಳನ್ನು ಮೀಸಲಿಡಲಿಲ್ಲ ಏಕೆ? ಮೀಸಲಾತಿಗೆ ಶಿಫಾರಸು ಮಾಡಿದ ಮಿಲ್ಲರ್ ಸಮಿತಿಯನ್ನು 1918ರಲ್ಲೇ ಕಂಡ ನಾಡು ನಮ್ಮದು. ಅಮೆರಿಕದಲ್ಲಿ ಆ ದಾರಿ 1978ರಲ್ಲಿ ಮುಚ್ಚಿತು. ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಕಾಲೇಜು 100 ಸೀಟುಗಳಲ್ಲಿ 16ನ್ನು ಮೀಸಲಿಟ್ಟಿದ್ದನ್ನು, ಬಾಕಿ (Bakke) ಎಂಬ ಅರ್ಜಿದಾರ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಉಳಿದದ್ದು ಅನುದಾನದ ದಾರಿ. ಎನ್‌ಐಎಚ್ 1972ರಲ್ಲೇ ಅಲ್ಪಸಂಖ್ಯಾತರ ಕಾಲೇಜುಗಳಲ್ಲಿ ಜೀವವೈದ್ಯಕೀಯ ಸಂಶೋಧನೆಗೆ ನೆರವು ಶುರುಮಾಡಿತ್ತು. 1980ರ ಡಿಸೆಂಬರಿನಲ್ಲಿ ಬಂದ ಕಾಯ್ದೆ, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಸಮಾನ ಅವಕಾಶ ತರುವುದನ್ನು ಸೈನ್ಸ್ ಫೌಂಡೇಶನ್ನಿನ ಕರ್ತವ್ಯವನ್ನಾಗಿ ಮಾಡಿತು. ಕರ್ತವ್ಯ ಬಂತು, ವಿಧಾನ ಮಾತ್ರ ಫೌಂಡೇಶನ್ನಿಗೆ ಇನ್ನೂ ತಿಳಿದಿರಲಿಲ್ಲ.

ಆ ವಿಧಾನ ಅದಾಗಲೇ ಸಿಕ್ಕಿತ್ತು, ಗಣಿತದ ತರಗತಿಯೊಂದರ ಹೊರಗೆ. 1970ರ ದಶಕದ ನಡುವಿನಲ್ಲಿ ಬರ್ಕ್ಲಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಯೂರಿ ಟ್ರೀಸ್‌ಮನ್, ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಅಷ್ಟೊಂದು ಮಂದಿ ಏಕೆ ಫೇಲಾಗುತ್ತಾರೆ ಎಂದು ಅಧ್ಯಾಪಕರನ್ನು ಕೇಳಿದರು. ಆಸಕ್ತಿ ಸಾಲದು, ಹೈಸ್ಕೂಲಿನ ತಳಪಾಯ ಸಡಿಲ, ಮನೆಯ ಒತ್ತಾಸೆ ಇಲ್ಲ, ಬಡತನ: ಇವೇ ಉತ್ತರಗಳು. ಟ್ರೀಸ್‌ಮನ್ 20 ಕಪ್ಪು ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳ ಓದನ್ನು ತಿಂಗಳುಗಟ್ಟಲೆ ಹತ್ತಿರದಿಂದ ಗಮನಿಸಿದರು. ಅಧ್ಯಾಪಕರು ಕೊಟ್ಟ ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಅಧ್ಯಾಪಕರು ಹೇಳಿದಷ್ಟು ಗಂಟೆ, ಹೇಳಿದ ಹಾಗೆಯೇ, ಶ್ರದ್ಧೆಯಿಂದ ಓದುತ್ತಿದ್ದರು, ಒಬ್ಬೊಬ್ಬರೇ. ಚೀನೀ ಮೂಲದವರು ಒಂಟಿಯಾಗಿ ಓದಿದ ಮೇಲೆ ಸಂಜೆ ಒಟ್ಟುಗೂಡಿ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬಾರದ ಲೆಕ್ಕ ಯಾವುದು, ತನಗೊಬ್ಬನಿಗೇ ಬಾರದ್ದು ಯಾವುದು ಎಂಬುದು ಅಲ್ಲಿ ಗೊತ್ತಾಗಿಬಿಡುತ್ತಿತ್ತು. ಒಂಟಿಯಾಗಿ ಕೂತವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯುತ್ತಿದ್ದುದು ಪರೀಕ್ಷೆಯ ಅಂಕ ಬಂದ ದಿನವೇ. ಟ್ರೀಸ್‌ಮನ್ ಇದಕ್ಕೆ ಹೂಡಿದ ಉಪಾಯ ಹಿಂದುಳಿದವರಿಗೆ ಕೊಡುವ ಟ್ಯೂಷನ್ ಅಲ್ಲ. ತರಗತಿಯದಕ್ಕಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟು, ಗುಂಪಿನಲ್ಲಿ ಕೂರಿಸಿ, ವಾದ ಮಾಡಿ ಬಿಡಿಸಲು ಹಚ್ಚಿದರು. ಕೊರತೆ ಇದ್ದದ್ದು ವಿದ್ಯಾರ್ಥಿಯಲ್ಲಲ್ಲ, ವಿಶ್ವವಿದ್ಯಾಲಯ ಅವನನ್ನು ಇಟ್ಟುಕೊಂಡಿದ್ದ ರೀತಿಯಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಮುಂದಿನ ಹೆಜ್ಜೆ ಮೇರಿಲ್ಯಾಂಡಿನದು. ಬಾಲ್ಟಿಮೋರ್ ಕೌಂಟಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಗಣಿತಜ್ಞ ಫ್ರೀಮನ್ ಹ್ರಬೋವ್‌ಸ್ಕಿ, ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿಯ ದೇಣಿಗೆಯಿಂದ ಒಂದು ಯೋಜನೆ ಕಟ್ಟಿದರು. ಮೊದಲ ತಂಡದಲ್ಲಿ 19 ಮಂದಿ, ಎಲ್ಲರೂ ಕಪ್ಪು ಹುಡುಗರು. ಮೊದಲ ಸೆಮಿಸ್ಟರಿಗೆ ಮುನ್ನವೇ ಆರು ವಾರ ಒಟ್ಟಿಗೆ ವಾಸ, ಒಟ್ಟಿಗೆ ಗಣಿತ. ನಂತರ ಗುಂಪಿನಲ್ಲಿ ಓದುವ ಕಟ್ಟುಪಾಡು, ಬೇಗನೆ ಪ್ರಯೋಗಾಲಯದ ಕೆಲಸ. ಸಾಧಾರಣ ಅಂಕಕ್ಕೆ ತೃಪ್ತಿಪಡುವಂತಿಲ್ಲ, ಬುನಾದಿಯ ವಿಷಯದಲ್ಲಿ ಸಿ ಬಂದರೆ ಮತ್ತೆ ಓದು ಎಂಬ ಸಲಹೆ. 1991ರಲ್ಲಿ ಸೈನ್ಸ್ ಫೌಂಡೇಶನ್ ಇದೇ ದಿಕ್ಕಿನಲ್ಲಿ, ಇನ್ನೂ ದೊಡ್ಡ ಹರವಿನಲ್ಲಿ ಒಕ್ಕೂಟಗಳ ಯೋಜನೆ ತಂದಿತು. ಓಹಾಯೋದಿಂದ ಕಾಂಗ್ರೆಸ್ಸಿಗೆ ಆರಿಸಿಬಂದ ಮೊದಲ ಕಪ್ಪು ಸದಸ್ಯ ಲೂಯಿಸ್ ಸ್ಟೋಕ್ಸ್ ಅವರ ಹೆಸರು ಮುಂದೆ ಅದಕ್ಕೆ ಸೇರಿತು. ಇಲ್ಲಿ ಹಣ ಒಬ್ಬ ವಿದ್ಯಾರ್ಥಿಗಾಗಲಿ ಒಂದು ಕಾಲೇಜಿಗಾಗಲಿ ಸಿಗುತ್ತಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯ, ಕಪ್ಪು ಜನರ ಹಳೆಯ ಕಾಲೇಜು, ಊರಿನ ಎರಡು ವರ್ಷದ ಕಮ್ಯೂನಿಟಿ ಕಾಲೇಜು, ಇಂಥ ಹಲವು ಸಂಸ್ಥೆಗಳು ಕೂಡಿ ಅರ್ಜಿ ಹಾಕಬೇಕಿತ್ತು. ವಿದ್ಯಾರ್ಥಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕಳೆದುಹೋಗದಂತೆ ನೋಡಿಕೊಳ್ಳಬೇಕಿತ್ತು. ಎಷ್ಟು ಮಂದಿ ಪದವಿ ಮುಗಿಸಿದರು ಎಂಬ ಲೆಕ್ಕ ಒಪ್ಪಿಸಬೇಕಿತ್ತು. ಬದಲಾಗಬೇಕಾದ್ದು ಸಂಸ್ಥೆ ಎಂದು ಅನುದಾನದ ಷರತ್ತೇ ಹೇಳಿದ್ದು ಇಲ್ಲಿ.

ಇದಕ್ಕೆ ಬಲವಾದ ಆಕ್ಷೇಪಣೆಗಳಿವೆ. ಜಾಣರನ್ನು ಆರಿಸಿಕೊಂಡರೆ ಫಲಿತಾಂಶ ಚೆನ್ನಾಗಿ ಬರಲೇಬೇಕಲ್ಲ ಎನ್ನುವುದು ಒಂದು. ಮೇಯರ್‌ಹಾಫ್ ಯೋಜನೆ ತನ್ನ ವಿದ್ಯಾರ್ಥಿಗಳನ್ನು ಹೋಲಿಸಿದ್ದು, ಅದೇ ಯೋಜನೆಗೆ ಆಯ್ಕೆಯಾಗಿಯೂ ಬೇರೆ ಕಡೆ ಓದಲು ಹೋದವರ ಜೊತೆ. ವಿಜ್ಞಾನದ ಪಿಎಚ್‌ಡಿಗೆ ಹೋದವರ ಪ್ರಮಾಣ ಯೋಜನೆಯಲ್ಲಿ ಉಳಿದವರಲ್ಲಿ ಸುಮಾರು ಐದು ಪಟ್ಟು. ಬೇರೆಡೆ ಹೋದವರ ಒಲವೇ ಬೇರೆ ಇದ್ದಿರಬಹುದು, ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡ ಅಂತರವನ್ನು ಒಲವಿನ ತಲೆಗೆ ಮಾತ್ರ ಕಟ್ಟಲಾಗದು. ಹ್ರಬೋವ್‌ಸ್ಕಿಯಂಥ ಒಬ್ಬ ವ್ಯಕ್ತಿಯ ವರ್ಚಸ್ಸೇ ಇದಕ್ಕೆಲ್ಲ ಕಾರಣ ಎನ್ನುವವರೂ ಇದ್ದರು. ಪೆನ್ ಸ್ಟೇಟ್ ಮತ್ತು ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಇದೇ ಮಾದರಿಯನ್ನು ಬೇರೆಯವರು ನಡೆಸಿ, ಹತ್ತಿರಹತ್ತಿರ ಅಂಥದೇ ಫಲ ಪಡೆದ ಮೇಲೆ ಆ ಮಾತಿಗೆ ಬಲ ಉಳಿಯಲಿಲ್ಲ.

ಹೆಚ್ಚು ಗಂಭೀರವಾದದ್ದು ನ್ಯಾಯದ ಆಕ್ಷೇಪಣೆ. ಬಣ್ಣ ನೋಡಿ ಕೊಡುವುದೇಕೆ, ಬಡ ಬಿಳಿಯರ ಮಗ ಏನು ಪಾಪ ಮಾಡಿದ್ದ? 1994ರಲ್ಲಿ ಮೇರಿಲ್ಯಾಂಡಿನದೇ ಬೇರೊಂದು ವಿದ್ಯಾರ್ಥಿವೇತನದ ವಿರುದ್ಧ ಕೋರ್ಟಿನ ತೀರ್ಪು ಬಂದ ಮೇಲೆ, 1996ರಲ್ಲಿ ಮೇಯರ್‌ಹಾಫ್ ಯೋಜನೆ ಎಲ್ಲ ಬಣ್ಣದವರಿಗೂ ತೆರೆಯಿತು. ಅದು ಕುಸಿಯಲಿಲ್ಲ. ಮುಂದೆ ಕೋವಿಡ್ ಲಸಿಕೆಯ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿದ್ದ ಕಿಜ್‌ಮೆಕಿಯಾ ಕಾರ್ಬೆಟ್ ಇಲ್ಲಿ ಓದಿದ್ದು ಆ ಬದಲಾವಣೆಯ ನಂತರವೇ. ಹಾಗಾಗಿ ಬಾಗಿಲು ಎಲ್ಲರಿಗೂ ತೆರೆದಿರಲಿ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಬಣ್ಣದ ಹೆಸರಿನಲ್ಲಿ ಮಾಡಿದ ಸಾಲವನ್ನು ತೀರಿಸುವ ಹೊತ್ತಿಗೆ ಬಣ್ಣದ ಮಾತೇ ಎತ್ತಬಾರದು ಎನ್ನುವುದನ್ನು ಒಪ್ಪಲಾರೆ. ಭಾರತೀಯ ಮೂಲದವರನ್ನು ಈ ಯೋಜನೆಗಳು ಕೊರತೆಯ ಗುಂಪಿಗೆ ಸೇರಿಸಿಲ್ಲ ಎಂಬ ಅಸಮಾಧಾನವನ್ನೂ ಇಲ್ಲೇ ನೋಡಬೇಕು. 1965ರ ವಲಸೆ ಕಾಯ್ದೆ, ಕಪ್ಪು ಜನರ ಹೋರಾಟ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಗೆದ್ದ ಬೆನ್ನಿಗೇ ಬಂದದ್ದು. ಬೆಂಗಳೂರು, ಮೈಸೂರು, ಸುರತ್ಕಲ್ಲಿನ ಎಂಜಿನಿಯರುಗಳು ಅಮೆರಿಕಕ್ಕೆ ಹೋದದ್ದು ಆ ಕಾಯ್ದೆ ತೆರೆದ ದಾರಿಯಲ್ಲಿ, ಅದೂ ಇಲ್ಲಿನ ಸರ್ಕಾರದ ಖರ್ಚಿನಲ್ಲಿ ಓದಿ ಮುಗಿಸಿದ ಮೇಲೆ.

ನನ್ನ ಮಟ್ಟಿಗೆ ಈ ಅನುದಾನಗಳ ನಿಜವಾದ ದೋಷ ಬೇರೆಡೆ ಇದೆ. ಅವು ಸಾಮಾನ್ಯವಾಗಿ ಐದು ವರ್ಷದ ಹಣ. ಮಾರ್ಗದರ್ಶಕರ ಸಂಬಳ, ಬೇಸಿಗೆಯ ತರಗತಿ, ಗುಂಪಿನ ಓದು ಇವೆಲ್ಲ ಆ ಹಣದ ಮೇಲೆ ನಿಂತಿದ್ದಾಗ ವಿಶ್ವವಿದ್ಯಾಲಯ ತನ್ನ ಸ್ವಂತ ಬಜೆಟ್ಟಿನಲ್ಲಿ ಅವಕ್ಕೆ ಜಾಗ ಮಾಡಬೇಕಾದ ಒತ್ತಡವೇ ಇರಲಿಲ್ಲ. ಬೋಧನೆಯ ರೀತಿಯನ್ನು ಬದಲಿಸಿದ ಅನುದಾನಕ್ಕೆ ಲೆಕ್ಕಪುಸ್ತಕವನ್ನು ಬದಲಿಸಲು ಆಗಲಿಲ್ಲ. 2025ರ ಏಪ್ರಿಲ್‌ನಿಂದ ಆಚೆಗೆ ಸೈನ್ಸ್ ಫೌಂಡೇಶನ್ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು, ತನ್ನ ಈಗಿನ ಆದ್ಯತೆಗೆ ಹೊಂದುವುದಿಲ್ಲವೆಂದು ನಡುವೆಯೇ ರದ್ದುಮಾಡಿದಾಗ, ವಿಜ್ಞಾನ ಶಿಕ್ಷಣದ ಮತ್ತು ಭಾಗವಹಿಸುವಿಕೆ ಹೆಚ್ಚಿಸುವ ಕೆಲಸಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಈ ಕಾರಣಕ್ಕೆ. ಮೂರು ದಶಕ ನಡೆದದ್ದನ್ನು ನಿಲ್ಲಿಸಲು ಒಂದು ಪತ್ರ ಸಾಕಾಯಿತು. ಲೆಕ್ಕಪುಸ್ತಕವನ್ನೇ ಬದಲಿಸಿದ ಉದಾಹರಣೆಯೂ ಇದೆ. ಅದೇ ಮೇರಿಲ್ಯಾಂಡಿನಲ್ಲಿ ನಾಲ್ಕು ಕಪ್ಪು ವಿಶ್ವವಿದ್ಯಾಲಯಗಳ ಪರವಾಗಿ 2006ರಲ್ಲಿ ಹೂಡಿದ ದಾವೆಯೊಂದು, ರಾಜ್ಯವೇ ಅವುಗಳ ಕೋರ್ಸುಗಳನ್ನು ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ನಕಲು ಮಾಡಿ ಅವನ್ನು ಸೊರಗಿಸಿತು ಎಂದು ತೋರಿಸಿಕೊಟ್ಟು, ಹದಿನೈದು ವರ್ಷದ ಮೇಲೆ ರಾಜಿಯಲ್ಲಿ ಮುಗಿಯಿತು. ಆ ನಾಲ್ಕರಲ್ಲಿ ಒಂದು, ಈಸ್ಟರ್ನ್ ಶೋರ್, 1890ರ ಕಾಯ್ದೆಯ ಹಣ ಪಡೆಯುವ ಕಾಲೇಜು. 2021ರ ಮಾರ್ಚಿನಲ್ಲಿ ಅಲ್ಲಿನ ಶಾಸನಸಭೆಯ ಕಾಯ್ದೆಗೆ ಗವರ್ನರ್ ಸಹಿ ಬಿತ್ತು: 57.7 ಕೋಟಿ ಡಾಲರ್, ಹತ್ತು ವರ್ಷಗಳಲ್ಲಿ, ರಾಜ್ಯದ ಬಜೆಟ್ಟಿನಿಂದಲೇ. ಅದಕ್ಕಾಗಿ ಆ ವಿಶ್ವವಿದ್ಯಾಲಯಗಳು ಐದು ವರ್ಷಕ್ಕೊಮ್ಮೆ ಸ್ಪರ್ಧೆಗೆ ಇಳಿಯಬೇಕಿಲ್ಲ.