ಪೆಟ್ರೋಲಿನೊಡನೆ ಉರಿದ ಎಣ್ಣೆ: ಜಾವಾ–ಯೆಜ್ಡಿ ಎಂಜಿನ್‌ನ ಆಯಿಲ್ ಚರಿತ್ರೆ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರ್ ಅವರಿಂದ ಉದ್ಘಾಟನೆಗೊಂಡ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯಾದ ಪರವಾನಗಿಯಡಿ 250 ಸಿಸಿ ಮೋಟಾರ್‌ಸೈಕಲ್‌ಗಳನ್ನು ತಯಾರಿಸತೊಡಗಿ, 1970ರ ದಶಕದಿಂದ ಅವುಗಳನ್ನು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿ, 1996ರಲ್ಲಿ ಬಾಗಿಲು ಮುಚ್ಚಿತು. ಆ ಬೈಕುಗಳಲ್ಲಿ ಹಲವು ಇಂದಿಗೂ ರಸ್ತೆಯ ಮೇಲಿರುವುದರಿಂದ ಅವುಗಳಿಗೆ ಯಾವ ಆಯಿಲ್ ಹಾಕಬೇಕೆಂಬ ಪ್ರಶ್ನೆ ಜೀವಂತವಾಗಿದೆ. ಅದಕ್ಕೆ ಸರಿಯಾದ ಉತ್ತರ ದೊರೆಯುವುದು ಇಂದಿನ ಡಬ್ಬಿಯ ಮೇಲಿನ ಬರಹಕ್ಕಿಂತ ಹೆಚ್ಚಾಗಿ ಆ ಎಂಜಿನ್ ರೂಪುಗೊಂಡ ಕಾಲದ ತೈಲಜ್ಞಾನದಲ್ಲಿ.

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ತನ್ನದೇ ತೊಟ್ಟಿಯಲ್ಲಿದ್ದು ಪಂಪಿನ ಮೂಲಕ ಸುತ್ತುತ್ತಿರುತ್ತದೆ. ಜಾವಾದಂಥ ಟೂ ಸ್ಟ್ರೋಕ್ ಎಂಜಿನ್‌ನಲ್ಲಾದರೋ ಕ್ರ್ಯಾಂಕ್ ತಿರುಗುವ ಕೋಣೆಯೇ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆಳೆದು ಸಿಲಿಂಡರಿಗೆ ತಳ್ಳುವುದರಿಂದ ಅಲ್ಲಿ ಆಯಿಲ್ ನಿಲ್ಲಿಸಲು ಸ್ಥಳವಿಲ್ಲ. ಹೀಗಾಗಿ ಅದನ್ನು ಪೆಟ್ರೋಲಿನಲ್ಲೇ ಬೆರೆಸಿ ಕಳುಹಿಸಬೇಕು, ಅದು ಬೇರಿಂಗು, ಪಿಸ್ಟನ್ನುಗಳನ್ನು ನೆನೆಸಿ ಕೊನೆಗೆ ಉರಿದುಹೋಗಬೇಕು. ಥ್ರಾಟಲ್ ತೆರೆದಷ್ಟೇ ಆಯಿಲ್ ಒಳಬರುವುದರಿಂದ, ಆಗುಂಬೆ ಅಥವಾ ಚಾರ್ಮಾಡಿಯಂಥ ಘಾಟಿಯಲ್ಲಿ ಗೇರ್ ಹಾಕಿಕೊಂಡು ಥ್ರಾಟಲ್ ಮುಚ್ಚಿ ಬಹುದೂರ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗುತ್ತಲೇ ಆಯಿಲ್ ಕೊರತೆಗೆ ಸಿಲುಕುತ್ತದೆ. ನಡುನಡುವೆ ಥ್ರಾಟಲ್ ತಿರುವುವ ಹಳೆಯ ಸವಾರರ ರೂಢಿಗೆ ಇದೇ ಆಧಾರ.

ಇಂಥ ಎಂಜಿನ್‌ಗೆ ಒಗ್ಗುವ ಆಯಿಲ್ ಒಮ್ಮೆಲೇ ಸಿದ್ಧವಾಗಲಿಲ್ಲ. ಚಾರ್ಲ್ಸ್ ವೇಕ್‌ಫೀಲ್ಡ್‌ರ ಬ್ರಿಟಿಷ್ ಕಂಪನಿಯು 1909ರಲ್ಲಿ ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ ಎಂಜಿನ್ ಆಯಿಲ್‌ನಲ್ಲಿ ಹರಳೆಣ್ಣೆಯ ಅಂಶವಿತ್ತು. ಕನ್ನಡನಾಡಿನ ಒಕ್ಕಲಿಗರು ಗಾಡಿಯ ಅಚ್ಚಿಗೆ ಬಳಸಿದ್ದ ಈ ಎಣ್ಣೆಯು ಕಾದ ಲೋಹಕ್ಕೂ ಬಿಡದೆ ಅಂಟಿಕೊಳ್ಳುವ ಗುಣ ಹೊಂದಿದ್ದರೂ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದೆ, ಉರಿದಾಗ ಅಂಟಾದ ಶೇಷವನ್ನು ಬಿಡುತ್ತಿದ್ದುದರಿಂದ, ದಿನಬಳಕೆಯ ಬೈಕುಗಳಲ್ಲಿ ಕಚ್ಚಾತೈಲದಿಂದ ತೆಗೆದ ಮಿನರಲ್ ಆಯಿಲ್‌ಗೆ ಸ್ಥಾನ ಬಿಟ್ಟುಕೊಟ್ಟಿತು. ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಘ (ಎಸ್‌ಎಇ) 1911ರಲ್ಲಿ ರೂಪಿಸಿದ ವರ್ಗೀಕರಣವು ಆಯಿಲ್‌ನ ದಪ್ಪವನ್ನು, ಅಂದರೆ ಹರಿಯುವಾಗ ತೋರುವ ಪ್ರತಿರೋಧವನ್ನು, ಅಳೆಯಿತೇ ಹೊರತು ಅದರ ಗುಣಮಟ್ಟವನ್ನಲ್ಲ. ಎಸ್‌ಎಇ 30, 40 ಎಂಬ ಅಂಕಿಗಳಲ್ಲಿ ಹೆಚ್ಚಿನದೇ ಉತ್ತಮವೆಂಬ ತಪ್ಪು ನಂಬಿಕೆ ಇಂದಿಗೂ ಪೂರ್ತಿ ಅಳಿದಿಲ್ಲ.

ಮುಂದೆ ಫೋರ್ ಸ್ಟ್ರೋಕ್ ಆಯಿಲ್‌ಗೆ ಮಸಿಯನ್ನು ತೇಲಿಸಿಡಬಲ್ಲ ಡಿಟರ್ಜೆಂಟ್‌ಗಳು, ಅಂದರೆ ಕ್ಯಾಲ್ಸಿಯಂ ಮೊದಲಾದ ಲೋಹಗಳನ್ನೊಳಗೊಂಡ ಶುದ್ಧಿಕಾರಕಗಳು, ಸೇರಿದವು. ಕಾರಿಗೆ ವರವಾದ ಇವು ಟೂ ಸ್ಟ್ರೋಕ್‌ನಲ್ಲಿ ಉರಿದು ಬೂದಿಯಾಗಿ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕೂತು ಎಂಜಿನ್ನನ್ನು ನಿಲ್ಲಿಸುತ್ತಿದ್ದುದರಿಂದಲೇ ಬೂದಿ ಕಡಿಮೆಯಿರುವ ಪ್ರತ್ಯೇಕ 2ಟಿ ಆಯಿಲ್ ಅಗತ್ಯವಾಯಿತು. 1990ರ ದಶಕದಲ್ಲಿ ಬಂದ ಜಪಾನಿನ ಜಾಸೊ ಮಾನದಂಡವು ಇದನ್ನು ಎಫ್‌ಎ, ಎಫ್‌ಬಿ, ಎಫ್‌ಸಿ ಎಂದು ವಿಂಗಡಿಸಿತು. ಅವುಗಳಲ್ಲಿ ಎಫ್‌ಸಿ ಹೊಗೆ ಕಡಿಮೆ ಮಾಡುವಂಥದು.

ಬೆರಕೆಯ ಪ್ರಮಾಣವೂ ಈ ಬದಲಾವಣೆಯ ಜೊತೆಗೇ ಸರಿಯಿತು. ಹಳೆಯ ಟೂ ಸ್ಟ್ರೋಕ್‌ಗಳಿಗೆ ಇಪ್ಪತ್ತು–ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಹೇಳುತ್ತಿದ್ದುದಕ್ಕೆ ಅಂದಿನ ಸಾಮಾನ್ಯ ಆಯಿಲ್ ಒಂದು ಕಾರಣವಾದರೆ, ಕಂಚಿನ ಬುಷ್‌ನಲ್ಲಿ ಆಡುವ ಪಿಸ್ಟನ್ ಪಿನ್ನಿನಂಥ ರಚನೆ ಇನ್ನೊಂದು. ಮೊದಲ ಕಾರಣ ಇಂದು ಉಳಿದಿಲ್ಲ, ಎರಡನೆಯದು ಉಳಿದಿದೆ. ಆದ್ದರಿಂದ ಹೊಸ ಎಂಜಿನ್‌ಗಳ 1:50 ಪ್ರಮಾಣವನ್ನು ಯೆಜ್ಡಿಗೆ ಕಣ್ಣುಮುಚ್ಚಿ ಅನ್ವಯಿಸುವುದು ಅಪಾಯಕರ. ಅತಿಯಾಗಿ ಸುರಿಯುವುದೂ ತಪ್ಪೇ, ಏಕೆಂದರೆ ಅದು ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿಸುವುದಲ್ಲದೆ, ಕಾರ್ಬುರೇಟರಿನ ಜೆಟ್ಟಿನಲ್ಲಿ ಹಾದುಹೋಗುವ ಪೆಟ್ರೋಲಿನ ಪಾಲನ್ನು ತಗ್ಗಿಸಿ ಎಂಜಿನ್ನಿನ ಶಾಖವನ್ನು ಹೆಚ್ಚಿಸುತ್ತದೆ.

ಪೆಟ್ರೋಲ್ ಬಂಕಿನಲ್ಲಿ ಕೈಪಂಪಿನಿಂದ 2ಟಿ ಆಯಿಲ್ ಹಾಕಿಸಿಕೊಳ್ಳುವ ಪದ್ಧತಿಗೆ ಎರಡು ಕಡೆಯಿಂದ ಹೊಡೆತ ಬಿತ್ತು. 1964ರಲ್ಲಿ ಯಮಾಹಾ ಪರಿಚಯಿಸಿದ್ದ, ಬೇರೆಯೇ ತೊಟ್ಟಿಯಿಂದ ಆಯಿಲ್ ಉಣಿಸುವ ಪಂಪು 1985ರ ಆರ್‌ಎಕ್ಸ್ 100 ಮೂಲಕ ಭಾರತದಲ್ಲಿ ಮನೆಮಾತಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯಲ್ಲಿ ಬಿಡಿ 2ಟಿ ಆಯಿಲ್ ಮಾರಾಟವನ್ನು ನಿಷೇಧಿಸಿತು.

ಗೇರ್‌ಬಾಕ್ಸ್‌ನ ಕಥೆ ಬೇರೆ. ಅಲ್ಲಿನ ಆಯಿಲ್ ಉರಿಯುವುದಿಲ್ಲ, ಆದರೆ ಜಾವಾದಲ್ಲಿ ಕಾರ್ಕ್ ತುಂಡುಗಳಿರುವ ಕ್ಲಚ್ ಪ್ಲೇಟುಗಳು ಅದರಲ್ಲೇ ನೆನೆಯುತ್ತವೆ. ಇಂಧನ ಉಳಿಸಲೆಂದು ಇಂದಿನ ಕಾರಿನ ಆಯಿಲ್‌ಗಳಲ್ಲಿ ಬೆರೆಸುವ ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಇಂಥ ಕ್ಲಚ್ಚನ್ನು ಜಾರಿಸುವುದರಿಂದ, ಎಷ್ಟೇ ದುಬಾರಿಯಾದರೂ ಕಾರಿನ ಆಯಿಲ್ ಇಲ್ಲಿ ಸಲ್ಲದು. ತೊಯ್ದ ಕ್ಲಚ್ಚಿಗೆಂದೇ ರೂಪುಗೊಂಡ ಜಾಸೊ ಎಂಎ ದರ್ಜೆಯ ಆಯಿಲ್ ಸುರಕ್ಷಿತ. ಭಾರೀ ಒತ್ತಡ ತಾಳುವ ಗಂಧಕಯುಕ್ತ ಜಿಎಲ್-5 ಗೇರ್ ಆಯಿಲ್ ಕಂಚಿನ ಬುಷ್‌ಗಳನ್ನು ಕಾಲಕ್ರಮದಲ್ಲಿ ತಿನ್ನಬಹುದಾದ್ದರಿಂದ ಅದನ್ನೂ ದೂರವಿಡಬೇಕು.