ಪ್ರಚಾರೋಪನ್ಯಾಸದಿಂದ ಎಲ್‌ಎಂಎಸ್‌ವರೆಗೆ: ಮೈಸೂರಿನ ಅಧ್ಯಾಪಕರು ಮತ್ತು ದೂರಬೋಧನೆಯ ಸಾಧನಗಳು

ಪೀಠಿಕೆ

ಮೈಸೂರು ನಗರದ ಈಶಾನ್ಯಕ್ಕಿರುವ ಕೆಸರೆ ಒಂದು ಕಾಲಕ್ಕೆ ಊರಹೊರಗಿನ ಗ್ರಾಮವಾಗಿತ್ತು. ನಗರ ಬೆಳೆದಂತೆ ಅದು ಹಂತಹಂತವಾಗಿ ಬಡಾವಣೆಗಳಾಗಿ ನಗರದೊಳಗೆ ಸೇರಿಕೊಂಡಿತು. ಮಾನಸಗಂಗೋತ್ರಿ, ಮುಕ್ತಗಂಗೋತ್ರಿಗಳೆರಡೂ ನಗರದ ಪಶ್ಚಿಮ ಭಾಗದಲ್ಲಿವೆ. ಕೆಸರೆಯ ವಿದ್ಯಾರ್ಥಿ ಅಲ್ಲಿಗೆ ಹೋಗಬೇಕಾದರೆ ನಗರವನ್ನು ಅಡ್ಡಲಾಗಿ ದಾಟಬೇಕು. ಈ ಅಂತರ ಕೆಲವೇ ಕಿಲೋಮೀಟರುಗಳದು. ಆದರೆ 2020ರ ಮಾರ್ಚ್ ತಿಂಗಳಲ್ಲಿ ಕಾಲೇಜುಗಳು ಮುಚ್ಚಿದಾಗ ಅಷ್ಟು ಅಂತರವೂ ದಾಟಲಾಗದ್ದಾಯಿತು. ಅಂದಿನಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡುವೆ ಉಳಿದ ದಾರಿ ಪರದೆಯೊಂದೇ.

ಈ ಸಂದರ್ಭದಲ್ಲಿ ಅಧ್ಯಾಪಕರ ದಿನನಿತ್ಯದ ಮಾತಿಗೆ ಬಂದ ಪದ ‘ಎಲ್‌ಎಂಎಸ್’, ಅಂದರೆ ಕಲಿಕಾ ನಿರ್ವಹಣಾ ವ್ಯವಸ್ಥೆ. ಪಾಠದ ಟಿಪ್ಪಣಿ, ದೃಶ್ಯಮುದ್ರಿಕೆ, ಪ್ರಶ್ನಾವಳಿ, ನಿಯೋಜಿತ ಕಾರ್ಯ, ಅಂಕಪಟ್ಟಿ, ಚರ್ಚೆ ಇವೆಲ್ಲವನ್ನೂ ಅಂತರಜಾಲದ ಒಂದೇ ತಾಣದಲ್ಲಿ ಜೋಡಿಸಿಡುವ ತಂತ್ರಾಂಶ ಇದು. ಇದನ್ನು ಹೊಚ್ಚ ಹೊಸದೆಂದು ಕೊಂಡಾಡಿದವರೂ ಉಂಟು, ಹೊರಗಿನಿಂದ ಹೇರಲಾದದ್ದೆಂದು ದೂರವಿಟ್ಟವರೂ ಉಂಟು. ಮೈಸೂರಿನ ಮಟ್ಟಿಗೆ ಈ ಎರಡು ನಿಲುವುಗಳೂ ಪೂರ್ಣ ಸರಿಯಲ್ಲ. ಕಣ್ಣೆದುರಿಗಿಲ್ಲದ ವಿದ್ಯಾರ್ಥಿಗೆ ಕಲಿಸುವ ಪ್ರಯತ್ನಕ್ಕೆ ಇಲ್ಲಿ ಒಂಬತ್ತು ದಶಕಗಳ ಹಿನ್ನೆಲೆಯಿದೆ. ಆ ಪರಂಪರೆಯ ಬೆಳಕಿನಲ್ಲಿ, ಅಧ್ಯಾಪಕರು ಈ ವ್ಯವಸ್ಥೆಯನ್ನು ಹೇಗೆ ಬಳಸಿದರು ಮತ್ತು ಹೇಗೆ ಬೆಲೆಕಟ್ಟಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉಪನ್ಯಾಸ ಮತ್ತು ಬಾನುಲಿ

1916ರ ಜುಲೈ 27ರಂದು ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳ ಮೂಲಕ ತರಗತಿಯ ಹೊರಗಿನ ಜನರನ್ನು ತಲುಪತೊಡಗಿತು. ಪ್ರಾಧ್ಯಾಪಕರು ಸಂಸ್ಥಾನದ ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು. ಹಲವು ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ ಅಚ್ಚಾದವು. ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರು ತಮ್ಮ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಕಲಿತದ್ದು ಬಹುಮಟ್ಟಿಗೆ ಈ ಸಭೆಗಳಲ್ಲಿ. ದೂರವನ್ನು ದಾಟುವ ಶ್ರಮವೂ ವೆಚ್ಚವೂ ಇಲ್ಲಿ ಕಲಿಸುವ ಪಕ್ಷದ್ದಾಗಿದ್ದವು. ಕೇಳುಗ ಎದ್ದು ಪ್ರಶ್ನೆ ಕೇಳಬಹುದಾಗಿತ್ತು ಎಂಬುದೂ ಗಮನಾರ್ಹ.

1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನಿಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. 1942ರಲ್ಲಿ ಸಂಸ್ಥಾನದ ಸರ್ಕಾರ ಅದರ ಹೊಣೆ ಹೊತ್ತುಕೊಂಡಿತು. ಅಧ್ಯಾಪಕರೊಬ್ಬರು ಯಾರ ಆದೇಶವೂ ಇಲ್ಲದೆ ಹೊಸ ಮಾಧ್ಯಮವನ್ನು ತಾವೇ ಕೈಗೆತ್ತಿಕೊಂಡದ್ದಕ್ಕೆ ಇದು ಅಪೂರ್ವ ನಿದರ್ಶನ. ಬಾನುಲಿಯ ಮಿತಿಯೂ ಅಂದೇ ಸ್ಪಷ್ಟವಾಗಿತ್ತು. ಮಾತು ಅತ್ತ ಹೋಗುತ್ತಿತ್ತು. ಅತ್ತಣಿಂದ ಮಾತು ಬರುವ ದಾರಿ ಆ ಯಂತ್ರದಲ್ಲಿರಲಿಲ್ಲ.

ಅಂಚೆಯ ಪಾಠ

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ 1962ರಲ್ಲಿ ದೆಹಲಿಯಲ್ಲಿ ಮೊದಲಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತನ್ನದೇ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಅದೇ ಮುಂದೆ 1992ರ ಅಧಿನಿಯಮದ ಮೇರೆಗೆ, 1996ರ ಜೂನ್ 1ರಿಂದ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು.

ಅಂಚೆ ಶಿಕ್ಷಣದ ಪದ್ಧತಿಗೆ ಮೂರು ಅಂಗಗಳು: ಅಚ್ಚಾದ ಪಾಠ, ವಿದ್ಯಾರ್ಥಿ ಬರೆದು ಕಳುಹಿಸುವ ಉತ್ತರ, ರಜೆಯ ದಿನಗಳ ಸಂಪರ್ಕ ತರಗತಿ. ಇವುಗಳಲ್ಲಿ ಎರಡನೆಯದನ್ನು ಇತಿಹಾಸಕಾರರು ಗಮನಿಸಿದ್ದು ಕಡಿಮೆ. ಉತ್ತರ ಪತ್ರಿಕೆಯ ಅಂಚಿನಲ್ಲಿ ಅಧ್ಯಾಪಕರು ಬರೆಯುವ ನಾಲ್ಕು ಸಾಲಿನ ಟೀಕೆ ಮರಳಿ ವಿದ್ಯಾರ್ಥಿಯ ಕೈ ಸೇರುವುದು ಆ ಪದ್ಧತಿಯ ಉಸಿರು. ಟೀಕೆ ತಡವಾಗಿ ಬಂದಲ್ಲಿ ಅಥವಾ ಬಾರದಿದ್ದಲ್ಲಿ ಅಂಚೆ ಶಿಕ್ಷಣ ಕೇವಲ ಪುಸ್ತಕ ವಿತರಣೆಯಾಗಿ ಉಳಿಯುತ್ತಿತ್ತು. ಇನ್ನೊಂದು ಸಂಗತಿಯೂ ಉಂಟು. ಪಾಠದ ಲಕೋಟೆಯನ್ನು ಅಂಚೆಯವನು ಕೆಸರೆಯ ಮನೆಗೂ ಸರಸ್ವತಿಪುರದ ಮನೆಗೂ ಒಂದೇ ಬಗೆಯಲ್ಲಿ ಮುಟ್ಟಿಸುತ್ತಿದ್ದ. ಅದನ್ನು ಓದಲು ಯಾವ ಉಪಕರಣವೂ ಬೇಕಿರಲಿಲ್ಲ.

ಉಪಗ್ರಹದ ಕಾಲ

1984ರ ಆಗಸ್ಟ್ 15ರಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ದೂರದರ್ಶನದ ಮೂಲಕ ದೇಶವ್ಯಾಪಿ ತರಗತಿ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. 2004ರ ಸೆಪ್ಟೆಂಬರ್ 20ರಂದು ಉಡಾವಣೆಯಾದ ಎಜುಸ್ಯಾಟ್ ಉಪಗ್ರಹದ ಆರಂಭಿಕ ಪ್ರಯೋಗಗಳಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳೂ ನೆರೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಕ್ಷೇತ್ರಗಳಾದವು. ಎಜುಸ್ಯಾಟ್ ವ್ಯವಸ್ಥೆಯಲ್ಲಿ ಎರಡು ಬಗೆಯ ಕೇಂದ್ರಗಳಿದ್ದವು: ಕೇಳಿ ಮರುಮಾತನಾಡಬಲ್ಲವು ಮತ್ತು ಕೇವಲ ಕೇಳಬಲ್ಲವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಬಾನುಲಿಯ ಕಾಲದ ಪ್ರಶ್ನೆಯೇ ಎಪ್ಪತ್ತು ವರ್ಷಗಳ ತರುವಾಯ ಆಕಾಶದೆತ್ತರದಲ್ಲಿಯೂ ಮರುಕಳಿಸಿತೆಂದು ಹೇಳಬಹುದು.

ಎಲ್‌ಎಂಎಸ್‌ನ ಹುಟ್ಟು ಮತ್ತು ಆಗಮನ

ಗಣಕಯಂತ್ರದಿಂದ ಪಾಠ ಹೇಳುವ ‘ಪ್ಲೇಟೊ’ ವ್ಯವಸ್ಥೆ 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿತು. 1990ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕ ಮರ್ರಿ ಗೋಲ್ಡ್‌ಬರ್ಗ್ ‘ವೆಬ್‌ಸಿಟಿ’ಯನ್ನು ರೂಪಿಸಿದರು, 1997ರಲ್ಲಿ ‘ಬ್ಲ್ಯಾಕ್‌ಬೋರ್ಡ್’ ಸಂಸ್ಥೆ ಆರಂಭವಾಯಿತು. 2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್ ‘ಮೂಡಲ್’ ತಂತ್ರಾಂಶವನ್ನು ಯಾರೂ ಬಳಸಿ ತಿದ್ದಬಹುದಾದಂತೆ ಮುಕ್ತವಾಗಿ ಬಿಡುಗಡೆ ಮಾಡಿದರು. ಅವರು ಬಾಲ್ಯದಲ್ಲಿ ಮರುಭೂಮಿಯ ವಸತಿಯಲ್ಲಿದ್ದುಕೊಂಡು ಬಾನುಲಿ ಶಾಲೆಯ ಮೂಲಕ ಕಲಿತವರು. ಆ ಶಾಲೆಯ ರೇಡಿಯೊದಲ್ಲಿ ಮಕ್ಕಳು ಮರುಮಾತನಾಡಬಹುದಾಗಿತ್ತು. ಮೂಡಲ್‌ನಲ್ಲಿ ಚರ್ಚಾವೇದಿಕೆಗೆ ಸಿಕ್ಕಿರುವ ಪ್ರಾಧಾನ್ಯವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬಹುದು.

ಭಾರತದಲ್ಲಿ 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದವು. 2017ರ ಜುಲೈ 9ರಂದು ‘ಸ್ವಯಂ’ ವೇದಿಕೆ ಉದ್ಘಾಟನೆಗೊಂಡಿತು. ಅದಕ್ಕೆ ಪಠ್ಯ ಸಿದ್ಧಪಡಿಸುವ ಸಂಸ್ಥೆಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಶೈಕ್ಷಣಿಕ ಬಹುಮಾಧ್ಯಮ ಸಂಶೋಧನ ಕೇಂದ್ರವೂ ಒಂದು. ‘ಸ್ವಯಂ’ನ ಪ್ರತಿಯೊಂದು ಪಠ್ಯಕ್ಕೂ ನಾಲ್ಕು ಪಾದಗಳು: ದೃಶ್ಯಪಾಠ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ ಮತ್ತು ಚರ್ಚೆ. 2021ರಲ್ಲಿ ರಾಜ್ಯ ಸರ್ಕಾರವು ತನ್ನ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಿಗಾಗಿ ‘ಕರ್ನಾಟಕ ಎಲ್‌ಎಂಎಸ್’ ಅನ್ನು ಜಾರಿಗೆ ತಂದಿತು. ಅದರ ಪಾಠಗಳನ್ನು ಸಿದ್ಧಪಡಿಸಿದವರು ಆ ಕಾಲೇಜುಗಳ ಅಧ್ಯಾಪಕರೇ.

ಬಳಕೆಯ ಸ್ವರೂಪ

ಅಧ್ಯಾಪಕರ ಬಳಕೆಯನ್ನು ಕುರಿತ ಆರಂಭದ ಮಹತ್ವದ ಅಧ್ಯಯನ 2003ರದು. ಗ್ಲೆಂಡಾ ಮಾರ್ಗನ್ ಅವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ ವ್ಯವಸ್ಥೆಯ ಅಧ್ಯಾಪಕರನ್ನು ಕುರಿತು ನಡೆಸಿದ ಆ ಅಧ್ಯಯನದ ಪ್ರಕಾರ, ಅಧ್ಯಾಪಕರು ಈ ತಂತ್ರಾಂಶವನ್ನು ಮುಖ್ಯವಾಗಿ ಪಠ್ಯವನ್ನು ಒದಗಿಸುವುದಕ್ಕೂ ತರಗತಿಯ ಆಡಳಿತಕ್ಕೂ ಬಳಸುತ್ತಿದ್ದರು. ಆದರೆ ಬಳಸುತ್ತ ಬಳಸುತ್ತ ಕೆಲವರು ತಮ್ಮ ಬೋಧನಕ್ರಮವನ್ನೇ ಮರುಚಿಂತನೆಗೆ ಒಳಪಡಿಸಿದರು. 2014ರಲ್ಲಿ ಅಮೆರಿಕದ ಎಜುಕಾಸ್ ಸಂಸ್ಥೆ ಪ್ರಕಟಿಸಿದ, 17,000ಕ್ಕೂ ಹೆಚ್ಚು ಅಧ್ಯಾಪಕರ ಅಭಿಪ್ರಾಯ ಆಧರಿಸಿದ ವರದಿಯೂ ಇದನ್ನೇ ಸೂಚಿಸುತ್ತದೆ. ಸಂಸ್ಥೆಗಳಲ್ಲಿ ಶೇ. 99ರಷ್ಟು ಎಲ್‌ಎಂಎಸ್ ಹೊಂದಿದ್ದವು, ಅಧ್ಯಾಪಕರಲ್ಲಿ ಶೇ. 85ರಷ್ಟು ಮಂದಿ ಅದನ್ನು ಬಳಸುತ್ತಿದ್ದರು. ಸಂತೃಪ್ತಿ ಮಾತ್ರ ಮೂಲಭೂತ ಸೌಲಭ್ಯಗಳ ವಿಷಯದಲ್ಲಿ ಹೆಚ್ಚು, ಪರಸ್ಪರ ಸಹಯೋಗಕ್ಕೆಂದು ರೂಪಿಸಿದ ಸೌಲಭ್ಯಗಳ ವಿಷಯದಲ್ಲಿ ಕಡಿಮೆ.

ನಮ್ಮ ಕಾಲೇಜುಗಳ ರೂಢಿಯೂ ಇದಕ್ಕಿಂತ ಬೇರೆಯಲ್ಲ. ಟಿಪ್ಪಣಿ ಏರಿಸುವುದು, ಹಾಜರಾತಿ ನೋಡುವುದು, ಆಂತರಿಕ ಮೌಲ್ಯಮಾಪನದ ಅಂಕ ದಾಖಲಿಸುವುದು ನಡೆಯುತ್ತವೆ. ಚರ್ಚೆಯ ಪುಟ ಬರಿದಾಗಿರುತ್ತದೆ. ವಿದ್ಯಾರ್ಥಿಗಳ ನಿಜವಾದ ಪ್ರಶ್ನೆಗಳು ವಾಟ್ಸ್‌ಆ್ಯಪ್ ಗುಂಪಿಗೋ ಅಧ್ಯಾಪಕರ ಮೊಬೈಲಿಗೋ ಬರುತ್ತವೆ. ನಾಲ್ಕು ಪಾದಗಳಲ್ಲಿ ಮೂರು ನಡೆಯುತ್ತಿದ್ದು, ನಾಲ್ಕನೆಯದು ವ್ಯವಸ್ಥೆಯ ಹೊರಗೆ ನೆಲೆ ಕಂಡುಕೊಂಡಿದೆ.

ಇದನ್ನು ಅಧ್ಯಾಪಕರ ಔದಾಸೀನ್ಯವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಇದಕ್ಕೆ ಭಾಷೆಯೂ ಒಂದು ಕಾರಣ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ಥಾನ ದೊರೆತಿದ್ದರೂ ಕನ್ನಡ ಅಧ್ಯಾಪಕರ ಟಿಪ್ಪಣಿಗಳು ಬಹುಕಾಲ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದವು. ಅವನ್ನು ಹಾಗೆಯೇ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡುತ್ತದೆ. ಆದ್ದರಿಂದ ಇಡೀ ಪಾಠವನ್ನು ಪಿಡಿಎಫ್ ಮಾಡಿ ಏರಿಸುವುದೇ ಸುಲಭದ ದಾರಿಯಾಯಿತು. ಹೀಗೆ ಏರಿಸಿದ ಪಾಠವನ್ನು ಓದಬಹುದು. ಅದರೊಳಗೆ ಒಂದು ಪದವನ್ನು ಹುಡುಕಲಾಗದು. ಇನ್ನು ಪರೀಕ್ಷೆ. ಬಹು ಆಯ್ಕೆಯ ಪ್ರಶ್ನೆಯ ಉತ್ತರವನ್ನು ಯಂತ್ರ ತಿದ್ದಬಲ್ಲದು. ಪಂಪನ ಒಂದು ಪದ್ಯದ ಭಾವಾರ್ಥವನ್ನು ವಿದ್ಯಾರ್ಥಿ ಎಷ್ಟು ಗ್ರಹಿಸಿದ್ದಾನೆಂಬುದನ್ನು ಅಧ್ಯಾಪಕರೇ ಓದಿ ತಿಳಿಯಬೇಕು. ವಿದ್ಯಾರ್ಥಿಗಳು ಕೈಯಲ್ಲಿ ಬರೆದು ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದ ಉತ್ತರಗಳನ್ನು ಅಂಗೈಯಗಲದ ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ಓದಿದ ಅನುಭವ 2020-21ರ ಅಧ್ಯಾಪಕರಿಗೆ ಸಾಮಾನ್ಯವಾದದ್ದು.

ಬೆಲೆಕಟ್ಟುವ ಅಳತೆಗೋಲು

ಒಂದು ತಂತ್ರಾಂಶವನ್ನು ಜನ ಏಕೆ ಒಪ್ಪುತ್ತಾರೆಂಬುದಕ್ಕೆ 1989ರಲ್ಲಿ ಫ್ರೆಡ್ ಡೇವಿಸ್ ಎರಡು ಅಂಶಗಳನ್ನು ಮುಂದಿಟ್ಟರು: ಅದು ಉಪಯುಕ್ತವೆಂಬ ಭಾವನೆ, ಬಳಸಲು ಸುಲಭವೆಂಬ ಭಾವನೆ. ಎಲ್‌ಎಂಎಸ್ ಕುರಿತ ಅನೇಕ ಸಮೀಕ್ಷೆಗಳ ಪ್ರಶ್ನಾವಳಿಗಳು ಇದೇ ಅಚ್ಚಿನವು. ಈ ಅಳತೆಗೋಲು ಅಗತ್ಯವಾದದ್ದೇ, ಆದರೆ ಸಾಲದು. ಮೈಸೂರಿನ ಇತಿಹಾಸ ಇನ್ನೆರಡು ಪ್ರಶ್ನೆಗಳನ್ನು ಸೇರಿಸುತ್ತದೆ.

ಮೊದಲನೆಯದು, ವಿದ್ಯಾರ್ಥಿಯ ಮಾತು ಮರಳಿ ಬರುವ ದಾರಿ ತೆರೆದಿದೆಯೇ ಎಂಬುದು. ಉಪನ್ಯಾಸದ ಸಭೆಯಲ್ಲಿ ಅದು ತೆರೆದಿತ್ತು, ಬಾನುಲಿಯಲ್ಲಿ ಮುಚ್ಚಿತ್ತು, ಅಂಚೆಯಲ್ಲಿ ನಿಧಾನವಾಗಿಯಾದರೂ ಇತ್ತು. ಎಲ್‌ಎಂಎಸ್‌ನಲ್ಲಿ ಅದು ಯಂತ್ರದ ದೃಷ್ಟಿಯಿಂದ ಸದಾ ತೆರೆದಿದೆ. ಆದರೆ ಒಬ್ಬ ಅಧ್ಯಾಪಕನ ಪಾಲಿಗೆ ನೂರಾರು ವಿದ್ಯಾರ್ಥಿಗಳಿದ್ದು, ಉತ್ತರಿಸುವ ಹೊತ್ತನ್ನು ಕಾರ್ಯಭಾರವೆಂದು ಎಣಿಸದಿದ್ದರೆ ತೆರೆದ ಬಾಗಿಲಿಂದ ಯಾರೂ ಬರುವುದಿಲ್ಲ.

ಎರಡನೆಯದು, ದೂರವನ್ನು ದಾಟುವ ವೆಚ್ಚ ಯಾರದು ಎಂಬುದು. ಪ್ರಚಾರೋಪನ್ಯಾಸದಲ್ಲಿ ಅದು ಕಲಿಸುವವರದು. ಎಲ್‌ಎಂಎಸ್‌ನಲ್ಲಿ ಅದು ವಿದ್ಯಾರ್ಥಿಯ ಮನೆಯದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ನಗರ ಪ್ರದೇಶದ ಕುಟುಂಬಗಳಲ್ಲಿ ಸುಮಾರು ಶೇ. 42ರಷ್ಟಕ್ಕೆ, ಗ್ರಾಮೀಣ ಕುಟುಂಬಗಳಲ್ಲಿ ಸುಮಾರು ಶೇ. 15ರಷ್ಟಕ್ಕೆ ಮಾತ್ರ ಅಂತರಜಾಲ ಸೌಲಭ್ಯವಿತ್ತು. ಒಂದೇ ಮೊಬೈಲಿದ್ದು, ಅದು ದುಡಿಯಲು ಹೋಗುವವರ ಜೊತೆ ಬೆಳಗ್ಗೆ ಹೊರಟು ಸಂಜೆ ಮರಳುವ ಮನೆಯಲ್ಲಿ ಹನ್ನೊಂದು ಗಂಟೆಯ ನೇರ ತರಗತಿಗೆ ಅರ್ಥವಿಲ್ಲ. ರಾತ್ರಿ ತೆರೆದು ನೋಡಬಹುದಾದ ಟಿಪ್ಪಣಿಗೆ ಅರ್ಥವಿದೆ. ಎಲ್‌ಎಂಎಸ್ ಅನ್ನು ಕೇವಲ ಟಿಪ್ಪಣಿಗಳ ಉಗ್ರಾಣವಾಗಿಸಿದರೆಂದು ಅಧ್ಯಾಪಕರನ್ನು ಟೀಕಿಸುವವರು ಈ ಸಂಗತಿಯನ್ನು ಮರೆಯಬಾರದು. ಕೆಸರೆಯಂಥ ಬಡಾವಣೆಗಳ ದಿಕ್ಕಿನಿಂದ ನೋಡಿದಾಗ ಉಗ್ರಾಣವೂ ಒಂದು ಉಪಕಾರವೇ ಆಗಿತ್ತು.

ದಾಖಲೆಯ ಪ್ರಶ್ನೆ

ಪ್ರಚಾರೋಪನ್ಯಾಸದ ಪುಸ್ತಕಗಳೂ ಅಂಚೆ ಪಾಠಗಳೂ ಗ್ರಂಥಾಲಯಗಳಲ್ಲಿ ಇಂದಿಗೂ ಓದಲು ಸಿಗುತ್ತವೆ. ಆದರೆ 2020-21ರ ತರಗತಿಗಳ ಗತಿಯೇನು? ಪರವಾನಗಿ ಮುಗಿದರೆ, ಸರ್ವರ್ ಬದಲಾದರೆ, ಅಧ್ಯಾಪಕರು ನಿವೃತ್ತರಾಗಿ ಅವರ ಖಾತೆ ಮುಚ್ಚಿದರೆ ಇಡೀ ಪಠ್ಯ ಅಳಿಯುತ್ತದೆ. ಯಾರು ಎಷ್ಟು ಹೊತ್ತು ಯಾವ ಪುಟ ತೆರೆದರೆಂಬ ಎಣಿಕೆಯನ್ನು ವ್ಯವಸ್ಥೆ ತಾನಾಗಿಯೇ ಬರೆದಿಡುತ್ತದೆ. ಆ ಪುಟವನ್ನು ರಚಿಸಿದವರು ಅದರ ಬಗ್ಗೆ ಏನೆಂದುಕೊಂಡರೆಂಬುದನ್ನು ಅದು ಬರೆಯುವುದಿಲ್ಲ. ಮುಂದಿನ ಇತಿಹಾಸಕಾರನಿಗೆ ಎಣಿಕೆ ಮಾತ್ರ ದೊರೆತು ಸಾಕ್ಷ್ಯ ದೊರೆಯದೆ ಹೋದರೆ, ಅಧ್ಯಾಪಕರ ಮೌಲ್ಯಮಾಪನದ ಬದಲು ಅಧ್ಯಾಪಕರ ಮೇಲಿನ ಮೌಲ್ಯಮಾಪನವೇ ಚರಿತ್ರೆಯಾಗಿ ಉಳಿದೀತು.

ಇದನ್ನು ತಪ್ಪಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಮೂಡಲ್‌ನಂಥ ತಂತ್ರಾಂಶಗಳಲ್ಲಿ ಇಡೀ ಪಠ್ಯವನ್ನು ಒಂದೇ ಬ್ಯಾಕಪ್ ಕಡತವಾಗಿ ಇಳಿಸಿಕೊಳ್ಳಬಹುದು. ವಿದ್ಯಾರ್ಥಿಗಳ ಹೆಸರು, ಅಂಕಗಳನ್ನು ತೆಗೆದುಹಾಕಿ ಅಂಥ ಕಡತಗಳನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯಗಳು ಸ್ವೀಕರಿಸಿ ಸೂಚೀಕರಿಸಬಹುದು. ಟಿಪ್ಪಣಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟರೆ ಅವು ಹುಡುಕಾಟಕ್ಕೂ ಒದಗುತ್ತವೆ. ಆ ಎರಡು ವರ್ಷಗಳಲ್ಲಿ ಪಾಠ ಹೇಳಿದ ಅಧ್ಯಾಪಕರ ಮೌಖಿಕ ನಿರೂಪಣೆಗಳನ್ನು ನೆನಪು ಮಾಸುವ ಮುನ್ನ ದಾಖಲಿಸುವುದು ಸಂಶೋಧಕರು ಕೂಡಲೇ ಕೈಗೊಳ್ಳಬೇಕಾದ ಕಾರ್ಯ.

ಗೋಪಾಲಸ್ವಾಮಿಯವರ ಮೊದಲ ಪ್ರಸಾರದ ದಿನಾಂಕವೂ ಪ್ರೇಷಕದ ಶಕ್ತಿಯೂ ನಮಗೆ ತಿಳಿದಿವೆ. ಅಂದು ಅದನ್ನು ಕೇಳಿದವರು ಏನು ಕಲಿತರು, ಏನು ಕೇಳಬೇಕೆಂದುಕೊಂಡರು ಎಂಬುದು ಮಾತ್ರ ಕಾಲದಲ್ಲಿ ಕಳೆದುಹೋಗಿದೆ. ನಮ್ಮ ಕಾಲದ ಪ್ರಯೋಗಕ್ಕೆ ಅದೇ ಗತಿ ಒದಗದಂತೆ ನೋಡಿಕೊಳ್ಳುವ ಅವಕಾಶ ಇನ್ನೂ ಇದೆ.